ಪೊಟರೆಯ ಬೂಷ್ಟು, ಎದೆಯ ಗಂಟು

ಆರೋಗ್ಯವಂತನಾದ ಮನುಷ್ಯನಿಗೆ ಶಿಲೀಂಧ್ರದಿಂದ ಪ್ರಾಣಭಯವಿಲ್ಲವೆಂಬುದು ವೈದ್ಯಲೋಕದಲ್ಲಿ ಬಹುಕಾಲದಿಂದ ಬೇರೂರಿದ ತಿಳಿವಳಿಕೆ. ಚರ್ಮಕ್ಕೆ ಹುಳುಕಡ್ಡಿ ಬರಬಹುದು, ಕಾಫಿಯ ಎಲೆಗೆ ತುಕ್ಕು ಹತ್ತಬಹುದು, ಮಳೆಗಾಲದಲ್ಲಿ ಅಟ್ಟದ ಮೇಲಿನ ಚಾಪೆಗೆ ಬೂಷ್ಟು ಕಟ್ಟಬಹುದು. ಆದರೆ ಅದೇ ಬೂಷ್ಟು ಗಟ್ಟಿಮುಟ್ಟಾದ ಆಳಿನ ಶ್ವಾಸಕೋಶದೊಳಗೆ ಬೇರುಬಿಟ್ಟು ಬೆಳೆಯುತ್ತದೆ ಎಂದರೆ ನಂಬುವವರು ಕಡಿಮೆ. 2021ರಲ್ಲಿ ಕೋವಿಡ್‌ನ ಎರಡನೆಯ ಅಲೆಯ ಬೆನ್ನಿಗೇ ದೇಶದಲ್ಲಿ 40,000ಕ್ಕೂ ಹೆಚ್ಚು ಜನರನ್ನು ಕಾಡಿದ ‘ಕಪ್ಪು ಶಿಲೀಂಧ್ರ’ ಈ ತಿಳಿವಳಿಕೆಯನ್ನು ಅಲುಗಿಸಲಿಲ್ಲ, ಇನ್ನಷ್ಟು ಗಟ್ಟಿಗೊಳಿಸಿತು. ಏಕೆಂದರೆ ಅದು ಬಹುಪಾಲು ಬಂದದ್ದು ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಿಗೆ, ಸ್ಟೀರಾಯ್ಡ್ ಔಷಧಿಯಿಂದ ದೇಹದ ಕಾವಲು ಸಡಿಲಗೊಂಡವರಿಗೆ. ಕಾವಲು ಗಟ್ಟಿಯಾಗಿರುವವರು ನಿಶ್ಚಿಂತೆಯಿಂದ ಇರಬಹುದೆಂದೇ ಜನ ತಿಳಿದರು.

ಈ ನಿಶ್ಚಿಂತೆಗೆ ಅಪವಾದಗಳಿವೆ. ಅಪರೂಪದವು ನಿಜ, ಆದರೆ ಅಲ್ಲಗಳೆಯಲಾಗದವು. ಅವುಗಳಲ್ಲಿ ಅತ್ಯಂತ ಕೂಲಂಕಷವಾಗಿ ಅಧ್ಯಯನಕ್ಕೊಳಗಾದುದು ಕೆನಡಾ ದೇಶದ ಪಶ್ಚಿಮ ತೀರದ ವ್ಯಾಂಕೂವರ್ ದ್ವೀಪದ ಪ್ರಸಂಗ. ಅದು ಕಾಡಿನ ಕಥೆಯೂ ಆಗಿರುವುದರಿಂದ ಬೆಟ್ಟದ ಸೀಮೆಯ ಓದುಗರು ಸ್ವಲ್ಪ ಸಾವಧಾನವಾಗಿ ತಿಳಿಯತಕ್ಕದ್ದು.

ವ್ಯಾಂಕೂವರ್ ದ್ವೀಪ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಕ್ಕೆ ಸೇರಿದ್ದು. ಉದ್ದ ಸುಮಾರು 450 ಕಿಲೋಮೀಟರು. ನಡುವೆ ಬೆನ್ನೆಲುಬಿನಂತೆ ಪರ್ವತಸಾಲು. ಪಡುವಣ ಮಗ್ಗುಲಿಗೆ ಪೆಸಿಫಿಕ್ ಸಾಗರದ ಮೋಡಗಳು ಬಡಿದು ಧಾರಾಕಾರ ಮಳೆ. ಮೂಡಣ ಮಗ್ಗುಲು ಮಳೆನೆರಳಿನ ಪ್ರದೇಶ, ಬೇಸಗೆ ಒಣ, ಚಳಿಗಾಲ ಕೆನಡಾದ ಮಟ್ಟಿಗೆ ಸೌಮ್ಯ. ಆಗುಂಬೆಯಿಂದ ಶಿವಮೊಗ್ಗೆಯ ಕಡೆಗೆ ಇಳಿದವರಿಗೆ ಈ ವ್ಯತ್ಯಾಸದ ಪರಿಚಯ ಬೇಕಿಲ್ಲ. ಮೂಡಣ ತೀರದ ಕಾಡಿನಲ್ಲಿ ಡಗ್ಲಸ್ ಫರ್ ಎಂಬ ಸೂಚಿಪರ್ಣ ಮರವೇ ಪ್ರಧಾನ. ಜೊತೆಗೆ ದೇವದಾರುವಿನ ಕುಲದವು, ಆಲ್ಡರ್, ಓಕ್ ಮರಗಳು. ಮರ ಕಡಿಯುವುದು ಅಲ್ಲಿನ ದೊಡ್ಡ ಉದ್ಯಮ. ಇದೇ ದ್ವೀಪದ ಪಶ್ಚಿಮ ತೀರದ ಕ್ಲೇಯೊಕ್ವಾಟ್‌ನಲ್ಲಿ 1993ರಲ್ಲಿ ಹಳೆಯ ಕಾಡನ್ನು ಉಳಿಸಲು ರಸ್ತೆಗೆ ಅಡ್ಡ ಕುಳಿತ 800ಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರೆಂಬುದು ಮರಗಳನ್ನು ಅಪ್ಪಿ ನಿಂತ ನಾಡಿನವರಿಗೆ ನೆನಪಿಟ್ಟುಕೊಳ್ಳತಕ್ಕ ಸಂಗತಿ.

ಈ ದ್ವೀಪದ ಮೂಡಣ ತೀರದಲ್ಲಿ 1999ರಿಂದ ಮೊದಲ್ಗೊಂಡು ವಿಚಿತ್ರವಾದ ಕಾಯಿಲೆಯೊಂದು ಕಾಣಿಸಿಕೊಳ್ಳತೊಡಗಿತು. ವಾರಗಟ್ಟಲೆ ಬಿಡದ ಕೆಮ್ಮು, ಎದೆನೋವು, ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು. ಎಕ್ಸ್‌ರೇ ತೆಗೆದರೆ ಶ್ವಾಸಕೋಶದಲ್ಲಿ ಗಂಟು. ಇಂತಹ ಗಂಟನ್ನು ಕಂಡ ವೈದ್ಯರಿಗೆ ಮೊದಲು ಹೊಳೆಯುವುದು ಕ್ಯಾನ್ಸರ್. ಕೆಲವರಿಗೆ ತೀವ್ರವಾದ ತಲೆನೋವು, ಕುತ್ತಿಗೆ ಸೆಟೆತ; ಅಂದರೆ ರೋಗ ಶ್ವಾಸಕೋಶವನ್ನು ದಾಟಿ ಮೆದುಳಿನ ಪೊರೆಯನ್ನು ಮುಟ್ಟಿತ್ತು. ರೋಗಿಗಳಲ್ಲಿ ಹೆಚ್ಚಿನವರು ಏಡ್ಸ್ ಪೀಡಿತರಲ್ಲ, ಅಂಗ ಕಸಿ ಮಾಡಿಸಿಕೊಂಡವರಲ್ಲ. ಮೊನ್ನೆಮೊನ್ನೆಯವರೆಗೆ ಕೆಲಸ ಮಾಡಿಕೊಂಡು, ಕಾಡಿನ ಹಾದಿಯಲ್ಲಿ ಓಡಾಡಿಕೊಂಡಿದ್ದವರು.

ಮನುಷ್ಯರ ಕಾಯಿಲೆಯನ್ನು ಒಂದಕ್ಕೊಂದು ಹೊಂದಿಸಿ ನೋಡುವ ಕೆಲಸಕ್ಕೆ ಪಶುವೈದ್ಯರು ಕೊಟ್ಟ ಸುಳಿವು ದೊಡ್ಡದು. ಅದೇ ತೀರದ ನಾಯಿ, ಬೆಕ್ಕು, ಸಾಕಿದ ಲಾಮಾಗಳಲ್ಲಿ ಇದೇ ರೋಗ ಕಂಡುಬಂದಿತ್ತು. ದಡಕ್ಕೆ ಬಂದು ಬಿದ್ದಿದ್ದ ಪಾರ್ಪಸ್ ಎಂಬ, ಡಾಲ್ಫಿನ್‌ಗೆ ಹತ್ತಿರದ ಕಡಲ ಪ್ರಾಣಿಗಳ ಶವಪರೀಕ್ಷೆಯಲ್ಲಿಯೂ ಶ್ವಾಸಕೋಶದ ತುಂಬ ಅದೇ ಶಿಲೀಂಧ್ರ. ಕಡಲಲ್ಲಿ ಬಾಳುವ ಪ್ರಾಣಿಗೆ ಮರದ ಬೂಷ್ಟು ಹೇಗೆ ತಗುಲಿತು? ಪಾರ್ಪಸ್ ಉಸಿರಾಡುವುದು ನೀರಿನ ಮೇಲಿನ ಗಾಳಿಯನ್ನೇ ಅಲ್ಲವೆ! 2002ರಲ್ಲಿ ಕೆನಡಾದ ಪಶುವೈದ್ಯ ಪತ್ರಿಕೆಯಲ್ಲಿ ಈ ಬಹುಪ್ರಾಣಿ ರೋಗದ ವಿವರ ಪ್ರಕಟವಾಯಿತು. ಮರುವರ್ಷ, 2003ರಲ್ಲಿ, ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಈ ಸೋಂಕನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ರೋಗಗಳ ಪಟ್ಟಿಗೆ ಸೇರಿಸಿತು.

ಮಲೆನಾಡಿಗೆ ಈ ಕ್ರಮ ಹೊಸದೇನಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗಲೇ ಮನುಷ್ಯರ ಜ್ವರದ ಮೂಲ ಪತ್ತೆಯಾದದ್ದು. ಇಂದಿಗೂ ಮಂಗ ಸತ್ತಿತೆಂದರೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬ ಅರಿವು ಇಲ್ಲಿನ ಮಕ್ಕಳಿಗೂ ಇದೆ. ಪ್ರಾಣಿಯ ಸಾವು ಮನುಷ್ಯನಿಗೆ ಬಂದ ಮುನ್ಸೂಚನೆ ಎಂಬುದನ್ನು ಮಲೆನಾಡಿನವರು ಬಹಳ ದೊಡ್ಡ ಬೆಲೆ ತೆತ್ತು ಕಲಿತಿದ್ದಾರೆ. ವ್ಯಾಂಕೂವರ್ ದ್ವೀಪದಲ್ಲಿ ಮಂಗದ ಜಾಗದಲ್ಲಿ ಬೆಕ್ಕು ಮತ್ತು ಪಾರ್ಪಸ್ ಇದ್ದವು, ಅಷ್ಟೆ.

ರೋಗಕಾರಕದ ಹೆಸರು ಕ್ರಿಪ್ಟೊಕಾಕಸ್ ಗ್ಯಾಟಿಯೈ. ಹಿಟ್ಟು ಹುದುಗಿಸುವ ಯೀಸ್ಟ್‌ನಂತೆ ಒಂಟಿ ಕೋಶದ ಜೀವಿ. ಪ್ರತಿ ಕೋಶದ ಸುತ್ತ ಲೋಳೆಯ ದಪ್ಪನೆಯ ಕವಚವಿರುತ್ತದೆ. ಅದೇ ಅದರ ಆಯುಧ. ಇದರ ಹತ್ತಿರದ ಸಂಬಂಧಿ ಕ್ರಿಪ್ಟೊಕಾಕಸ್ ನಿಯೋಫಾರ್ಮನ್ಸ್ ಪಾರಿವಾಳದ ಹಿಕ್ಕೆಯಲ್ಲಿ ಹುಲುಸಾಗಿ ಬೆಳೆಯುವಂಥದು; ಜಗತ್ತಿನಾದ್ಯಂತ ಏಡ್ಸ್ ರೋಗಿಗಳನ್ನು ಕೊಲ್ಲುವ ಮೆದುಳುಪೊರೆಯ ಉರಿಯೂತಕ್ಕೆ ಮುಖ್ಯ ಕಾರಣಗಳಲ್ಲೊಂದು. ಗ್ಯಾಟಿಯೈ ಅದರ ಒಂದು ಬಗೆಯೆಂದು 1970ರಲ್ಲಿ ಗುರುತಿಸಲ್ಪಟ್ಟು, 2002ರಲ್ಲಿ ಪ್ರತ್ಯೇಕ ಪ್ರಭೇದದ ಪಟ್ಟ ಪಡೆಯಿತು. ತಜ್ಞರು ಈಚೆಗೆ ಅದನ್ನೂ ಒಡೆದು ಹಲವು ಪ್ರಭೇದಗಳನ್ನಾಗಿ ಮಾಡಿದ್ದಾರೆ. ಆ ಗೊಡವೆ ಇಲ್ಲಿ ಬೇಡ. ತಿಳಿಯಬೇಕಾದ ವ್ಯತ್ಯಾಸ ಇಷ್ಟೆ: ನಿಯೋಫಾರ್ಮನ್ಸ್ ಹೆಚ್ಚಾಗಿ ದುರ್ಬಲರನ್ನು ಹುಡುಕುತ್ತದೆ, ಗ್ಯಾಟಿಯೈ ಬಲಶಾಲಿಗಳನ್ನೂ ಬಿಡುವುದಿಲ್ಲ. ಆಸ್ಟ್ರೇಲಿಯಾದ ಉತ್ತರ ಭಾಗದ ಆರ್ನೆಮ್ ಲ್ಯಾಂಡ್‌ನ ಮೂಲನಿವಾಸಿಗಳು, ಪಪುವಾ ನ್ಯೂಗಿನಿಯ ಹಳ್ಳಿಗರು ಇದರಿಂದ ಬಳಲುವುದು ವೈದ್ಯರಿಗೆ ಮೊದಲಿನಿಂದ ಗೊತ್ತಿತ್ತು. ಹೀಗಾಗಿ ಇದು ಉಷ್ಣವಲಯದ ಕಾಯಿಲೆಯೆಂಬ ಮುದ್ರೆ ಬಿದ್ದಿತ್ತು. ಆ ಮುದ್ರೆ ಅಳಿಸಿಹೋದದ್ದು ಕೆನಡಾದಲ್ಲಿ.

ಶಿಲೀಂಧ್ರದ ಮನೆ ಎಲ್ಲಿ ಎಂಬುದನ್ನು ಕಂಡುಹಿಡಿದ ಕಥೆ ಕರ್ನಾಟಕಕ್ಕೂ ಬಂದು ತಗುಲುತ್ತದೆ. 1990ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಎಲ್ಲಿಸ್ ಮತ್ತು ತಾನಿಯಾ ಫೀಫರ್ ಎಂಬ ಸಂಶೋಧಕರು ನೀಲಗಿರಿಯ ಒಂದು ಜಾತಿಯ ಮರಗಳಿಂದ, ಅಂದರೆ ನದಿಯ ದಡದಲ್ಲಿ ಬೆಳೆಯುವ ಯೂಕಲಿಪ್ಟಸ್ ಕಮಾಲ್ಡುಲೆನ್ಸಿಸ್‌ನ ಅಡಿಯಲ್ಲಿ ಬಿದ್ದ ತೊಗಟೆ, ಎಲೆ, ಹೂವಿನ ಕಸದಿಂದ ಈ ಶಿಲೀಂಧ್ರವನ್ನು ಬೇರ್ಪಡಿಸಿದರು. ಬಳಿಕ ಯೂಕಲಿಪ್ಟಸ್ ಟೆರೆಟಿಕಾರ್ನಿಸ್‌ನಲ್ಲಿಯೂ ಅದು ದೊರಕಿತು. ನಂದಿಬೆಟ್ಟದಲ್ಲಿ ಟಿಪ್ಪುವಿನ ಕಾಲದಲ್ಲಿ, ಸುಮಾರು 1790ರಲ್ಲಿ, ನೆಟ್ಟವೆಂದು ಹೇಳಲಾಗುವ ಮರಗಳ ಸಂತತಿಯಾಗಿ ಹಬ್ಬಿ ‘ಮೈಸೂರು ಗಮ್’ ಎಂದು ಹೆಸರಾದ ನೀಲಗಿರಿ ಬಹುಪಾಲು ಈ ಎರಡನೆಯ ಜಾತಿಯದೇ. ಇನ್ನೊಂದು ಸ್ವಾರಸ್ಯ: ಪ್ರಯೋಗಶಾಲೆಯಲ್ಲಿ ಈ ಶಿಲೀಂಧ್ರವನ್ನು ಉಳಿದ ಬೂಷ್ಟುಗಳಿಂದ ಬೇರೆಯಾಗಿ ಗುರುತಿಸಲು ಬಳಸುವುದು ಹುಚ್ಚೆಳ್ಳಿನ ಕಷಾಯದಿಂದ ತಯಾರಿಸಿದ ಮಾಧ್ಯಮವನ್ನು. ಹುಚ್ಚೆಳ್ಳಿನ ಸಾರವನ್ನು ಉಂಡ ಕ್ರಿಪ್ಟೊಕಾಕಸ್ ಕಂದು ಬಣ್ಣಕ್ಕೆ ತಿರುಗುತ್ತದೆ; ಇತರ ಯೀಸ್ಟ್‌ಗಳು ಬಿಳಿಯಾಗಿಯೇ ಉಳಿಯುತ್ತವೆ. ಚಟ್ನಿಪುಡಿಗೆ ಹುರಿಯುವ ಕಾಳು ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಶಾಲೆಗಳಲ್ಲಿ ಪತ್ತೇದಾರನ ಕೆಲಸ ಮಾಡುತ್ತಿದೆ.

ಕೆನಡಾದಲ್ಲಿ ಸಂಶಯ ಮೊದಲು ಹೋದದ್ದು ಅಲ್ಲಿ ಅಲಂಕಾರಕ್ಕಾಗಿ ತಂದು ನೆಟ್ಟಿದ್ದ ನೀಲಗಿರಿ ಮರಗಳ ಮೇಲೆ. ಅವುಗಳಲ್ಲಿ ಶಿಲೀಂಧ್ರ ಸಿಗಲಿಲ್ಲ. ಆಮೇಲೆ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಕ್ಯಾರೆನ್ ಬಾರ್ಟ್‌ಲೆಟ್ ಮತ್ತು ಸಂಗಡಿಗರು ಸ್ಥಳೀಯ ಮರಗಳನ್ನು ಒರೆಸಿ, ಮಣ್ಣು ಕೆದಕಿ, ಗಾಳಿಯನ್ನು ಹೀರಿ ಪರೀಕ್ಷಿಸಿದಾಗ ಡಗ್ಲಸ್ ಫರ್, ಆಲ್ಡರ್, ಓಕ್ ಮೊದಲಾದ ಅಲ್ಲಿಯವೇ ಆದ ಮರಗಳಲ್ಲಿಯೂ ಬುಡದ ಮಣ್ಣಿನಲ್ಲಿಯೂ ಅದು ನೆಲೆಸಿರುವುದು ಸಿದ್ಧವಾಯಿತು. ಇದರ ವಿವರ 2004ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದಿನ ವರ್ಷಗಳಲ್ಲಿ ಇನ್ನೂ ಮುಖ್ಯವಾದ ಮಾಹಿತಿ ಹೊರಬಂದಿತು. ಮರ ಕಡಿಯುವಾಗ, ಕೊಂಬೆಗಳನ್ನು ಯಂತ್ರಕ್ಕೆ ಕೊಟ್ಟು ಚೂರು ಮಾಡುವಾಗ, ಸುತ್ತಲ ಗಾಳಿಯಲ್ಲಿ ಶಿಲೀಂಧ್ರದ ಕಣಗಳ ಪ್ರಮಾಣ ಏರುತ್ತಿತ್ತು. ಓಡಾಡಿ ಬಂದವರ ಪಾದರಕ್ಷೆಗಳಿಗೆ, ವಾಹನಗಳ ಚಕ್ರದ ಗೂಡಿಗೆ ಅಂಟಿ ಅದು ಊರಿಂದೂರಿಗೆ ಪಯಣಿಸುತ್ತಿತ್ತು. ದ್ವೀಪವನ್ನು ಸುತ್ತಿ ಸ್ವದೇಶಕ್ಕೆ ಮರಳಿದ ಡೆನ್ಮಾರ್ಕಿನ ಆರೋಗ್ಯವಂತ ಪ್ರವಾಸಿಯೊಬ್ಬರು ಕೆಲವು ವಾರಗಳ ಬಳಿಕ ಅದೇ ದ್ವೀಪದ ಶಿಲೀಂಧ್ರದಿಂದ ಹಾಸಿಗೆ ಹಿಡಿದದ್ದೂ ವೈದ್ಯಕೀಯ ದಾಖಲೆಯಲ್ಲಿದೆ. ಉಸಿರಿನೊಡನೆ ಒಳಹೊಕ್ಕ ಕಣ ರೋಗವಾಗಿ ತೋರಲು ಕೆಲವು ವಾರಗಳಿಂದ ಒಂದು ವರ್ಷದವರೆಗೆ ಹಿಡಿಯಬಹುದು. ಸಾಮಾನ್ಯವಾಗಿ ಆರೇಳು ತಿಂಗಳು. ಅಷ್ಟು ಹೊತ್ತಿಗೆ ಎಲ್ಲಿ ಯಾವ ಮರ ಕಡಿದದ್ದೆಂದು ಯಾರಿಗೆ ನೆನಪಿರುತ್ತದೆ?

ಇನ್ನು ಅಂಕಿಗಳು. 1999ರಿಂದ 2007ರವರೆಗೆ ಬ್ರಿಟಿಷ್ ಕೊಲಂಬಿಯಾದಲ್ಲಿ ವರದಿಯಾದ ರೋಗಿಗಳು 218. ಅವರಲ್ಲಿ ಮುಕ್ಕಾಲು ಪಾಲಿನವರಿಗೆ ಕಾಯಿಲೆ ಶ್ವಾಸಕೋಶದ್ದು. ಸತ್ತವರು 19, ಅಂದರೆ ನೂರಕ್ಕೆ ಸುಮಾರು ಒಂಬತ್ತು. ವ್ಯಾಂಕೂವರ್ ದ್ವೀಪದ ಜನಸಂಖ್ಯೆಗೆ ಹೋಲಿಸಿದರೆ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು 25 ಮಂದಿಗೆ ರೋಗ. ಆವರೆಗೆ ಜಗತ್ತಿನಲ್ಲಿ ಈ ಶಿಲೀಂಧ್ರದ ಬಗ್ಗೆ ದಾಖಲಾಗಿದ್ದ ಅತ್ಯಂತ ಹೆಚ್ಚಿನ ಪ್ರಮಾಣಗಳ ಸಾಲಿಗೆ ಇದು ಸೇರಿತು. ಹಾಗಿದ್ದೂ ಹತ್ತು ಲಕ್ಷದಲ್ಲಿ ಇಪ್ಪತ್ತೈದು! ಅದೇ ಕಾಡಿನಲ್ಲಿ ನಡೆದಾಡಿ, ಅದೇ ಗಾಳಿಯನ್ನು ಉಸಿರಾಡಿ ಏನೂ ಆಗದೆ ಉಳಿದವರು ಉಳಿದವರೆಲ್ಲರೂ. ಅಮೆರಿಕದ ವಾಷಿಂಗ್ಟನ್ ಮತ್ತು ಒರೆಗಾನ್ ರಾಜ್ಯಗಳಿಗೂ ಶಿಲೀಂಧ್ರ ಹಬ್ಬಿದ ಮೇಲೆ, 2010ರಲ್ಲಿ, ಪತ್ರಿಕೆಗಳು ‘ಕೊಲೆಗಡುಕ ಬೂಷ್ಟು’ ಎಂದು ದಪ್ಪಕ್ಷರದಲ್ಲಿ ಬರೆದು ಊರೆಲ್ಲ ಗಾಬರಿ ಹಬ್ಬಿಸಿದವು. ಪ್ರಾಂತ್ಯದ ಆರೋಗ್ಯಾಧಿಕಾರಿಗಳ ನಡೆ ಇದಕ್ಕಿಂತ ಪ್ರೌಢವಾಗಿತ್ತು. ಕಾಡಿಗೆ ಹೋಗಬೇಡಿರೆಂದು ಅವರು ಹೇಳಲಿಲ್ಲ, ಮರಗಳನ್ನು ಕಡಿಯಿರೆಂದೂ ಹೇಳಲಿಲ್ಲ. ಕೆಮ್ಮು ಬಿಡದಿದ್ದರೆ ವೈದ್ಯರಲ್ಲಿಗೆ ಹೋಗಿರಿ ಎಂದರು. ವೈದ್ಯರಿಗೆ ಈ ರೋಗವನ್ನು ನೆನೆಯಿರಿ ಎಂದರು.

ಸಾವಿರಾರು ಜನ ಉಸಿರಾಡಿದ ಗಾಳಿಯಲ್ಲಿ ಒಬ್ಬನಿಗೆ ಮಾತ್ರ ಏಕೆ ರೋಗ ಬರಬೇಕು? ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಭಾಗದಷ್ಟು ಕಿರಿದಾದ ಒಣ ಕೋಶವೋ ಬೀಜಾಣುವೋ ಶ್ವಾಸಕೋಶದ ತುತ್ತತುದಿಯ ಗಾಳಿಗೂಡನ್ನು ತಲುಪುತ್ತದೆ. ಅಲ್ಲಿ ಕಾವಲಿರುವ ಭಕ್ಷಕ ಕೋಶಗಳು ಸಾಮಾನ್ಯವಾಗಿ ಅದನ್ನು ನುಂಗಿ ಮುಗಿಸುತ್ತವೆ. ಕೆಲವೊಮ್ಮೆ ಲೋಳೆಯ ಕವಚದ ಬಲದಿಂದ ಶಿಲೀಂಧ್ರ ತಪ್ಪಿಸಿಕೊಳ್ಳುತ್ತದೆ, ನುಂಗಿದ ಕೋಶದೊಳಗೇ ಬದುಕಿ ಮರಿಮಾಡುತ್ತದೆ. ಐವತ್ತು ದಾಟಿದವರು, ಸ್ಟೀರಾಯ್ಡ್ ಸೇವಿಸುವವರು, ಹೊಗೆ ಸೇದುವವರು ಹೆಚ್ಚು ಅಪಾಯದಲ್ಲಿದ್ದಾರೆಂದು ಕೆನಡಾದ ಅಧ್ಯಯನಗಳು ಹೇಳಿದವು. ಇದಾವುದೂ ಇಲ್ಲದವರ ವಿಷಯ ಒಗಟಾಗಿಯೇ ಇತ್ತು. 2013–14ರ ಹೊತ್ತಿಗೆ ಒಗಟಿನ ಒಂದು ಎಳೆ ಬಿಚ್ಚಿಕೊಂಡಿತು. ಆರೋಗ್ಯವಂತರೆಂದು ತಿಳಿಯಲಾಗಿದ್ದ ಕೆಲವು ರೋಗಿಗಳ ರಕ್ತದಲ್ಲಿ, ಭಕ್ಷಕ ಕೋಶಗಳನ್ನು ಹುರಿದುಂಬಿಸುವ ದೇಹದ್ದೇ ಒಂದು ಪ್ರೋಟೀನನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳು ಕಂಡುಬಂದವು. ಹೊರನೋಟಕ್ಕೆ ಇವರಿಗೆ ಯಾವ ಕುಂದೂ ಇರುವುದಿಲ್ಲ. ನೆಗಡಿ ಜ್ವರಗಳು ಎಲ್ಲರಿಗೆ ಬಂದಂತೆ ಬಂದು ಹೋಗುತ್ತವೆ. ಕೋಟೆಯ ಒಂದು ಬಾಗಿಲಿನ ಕಾವಲುಗಾರ ಮಾತ್ರ ನಿದ್ರಿಸುತ್ತಿರುತ್ತಾನೆ, ಆ ಬಾಗಿಲಿಗೇ ಈ ಶತ್ರು ಬರುವವರೆಗೆ ಅದು ಯಾರಿಗೂ ತಿಳಿಯುವುದಿಲ್ಲ. ‘ಆರೋಗ್ಯವಂತ’ ಎಂಬ ಮಾತನ್ನು ವೈದ್ಯರು ಬಳಸುವಾಗ ಅದರ ಅರ್ಥ ‘ಈವರೆಗೆ ದೋಷ ಕಂಡುಬಂದಿಲ್ಲ’ ಎಂದಷ್ಟೆ.

ಉಷ್ಣವಲಯದ ಶಿಲೀಂಧ್ರ ಕೆನಡಾದ ದ್ವೀಪಕ್ಕೆ ಬಂದದ್ದು ಹೇಗೆ ಎಂಬುದಕ್ಕೆ ಊಹೆಗಳು ಹಲವು. ಅಲ್ಲಿನ ವಂಶಾವಳಿಯ ಬೇರು ದಕ್ಷಿಣ ಅಮೆರಿಕದಲ್ಲಿದೆಯೆಂದು ತಳಿಶಾಸ್ತ್ರ ಸೂಚಿಸುತ್ತದೆ. ಹಡಗುಗಳ ತಳದಲ್ಲಿ ತುಂಬುವ ನೀರಿನಲ್ಲಿ ಅದು ಬಂದು ಕರಾವಳಿಯ ಕಡಲನ್ನು ಸೇರಿತು, 1964ರ ಅಲಾಸ್ಕಾ ಭೂಕಂಪದ ಸುನಾಮಿ ಆ ನೀರನ್ನು ದಡದ ಕಾಡಿಗೆ ಎರಚಿತು, ಮಣ್ಣಿನಲ್ಲಿ ಮೂರು ದಶಕ ಕಾಲ ಅಮೀಬಾಗಳೊಡನೆ ಹೋರಾಡುತ್ತ ಅದು ಇನ್ನಷ್ಟು ಉಗ್ರವಾಯಿತು ಎಂದು 2019ರಲ್ಲಿ ಇಬ್ಬರು ವಿಜ್ಞಾನಿಗಳು ವಾದಿಸಿದರು. ರೋಚಕವಾದ ಊಹೆ, ಊಹೆಯೇ. ಇದಕ್ಕಿಂತ ಗಟ್ಟಿ ನೆಲದ ಮೇಲೆ ನಿಂತಿರುವುದು ಹವೆಯ ಮಾತು. ಜನವರಿಯ ಸರಾಸರಿ ಉಷ್ಣತೆ ಹೆಪ್ಪುಗಟ್ಟುವ ಮಟ್ಟಕ್ಕಿಂತ ಮೇಲಿರುವ ತಗ್ಗಿನ ಭಾಗಗಳಲ್ಲಿಯೇ ಶಿಲೀಂಧ್ರ ನೆಲೆಯೂರಿದೆ. ಚಳಿಗಾಲಗಳು ಬೆಚ್ಚಗಾದಂತೆ ಅಂತಹ ಭಾಗಗಳ ಮೇರೆ ಹಿಗ್ಗುವುದನ್ನು ತಡೆಯಲು ಏನಿದೆ?

ಭಾರತದಲ್ಲಿ ಈ ಶಿಲೀಂಧ್ರ ಪರಕೀಯವೇನಲ್ಲ. ಪಂಜಾಬಿನ ನೀಲಗಿರಿ ಮರಗಳಲ್ಲಿ ಅದು ಇರುವುದನ್ನು 1997ರಲ್ಲಿ ಚಂಡೀಗಢದ ತಜ್ಞರು ವರದಿ ಮಾಡಿದರು. ಆನಂತರ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯ ಎಚ್. ಎಸ್. ರಂಧಾವಾ ಮತ್ತು ಸಹೋದ್ಯೋಗಿಗಳು ವರ್ಷಗಟ್ಟಲೆ ಮರಗಳ ಪೊಟರೆಗಳನ್ನು ಕೆದಕಿ ನೋಡಿದರು. ಅವರಿಗೆ ಅದು ದೊರೆತದ್ದು ನೇರಳೆ ಮರದ ಪೊಟರೆಯೊಳಗಿನ ಕುಂಬಾದ ತಿರುಳಿನಲ್ಲಿ. ಹುಣಸೆಯಂತಹ ಇತರ ಹಲವು ಮರಗಳಲ್ಲಿಯೂ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಚೆನ್ನೈನ ಗಿಂಡಿ ರಾಷ್ಟ್ರೀಯ ಉದ್ಯಾನದ ಜೀವಂತ ಮರಗಳಲ್ಲಿ ಅದನ್ನು ತೋರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರಿಗೆ ಕ್ರಿಪ್ಟೊಕಾಕಸ್‌ನಿಂದಾಗುವ ಮೆದುಳುಪೊರೆಯ ಉರಿಯೂತ ದಶಕಗಳಿಂದ ಪರಿಚಿತ. ಅಂದರೆ ಮರವಿದೆ, ಪೊಟರೆಯಿದೆ, ಶಿಲೀಂಧ್ರವಿದೆ, ರೋಗಿಯೂ ಇದ್ದಾನೆ.

ಇಲ್ಲಿ ಪರಿಸರ ಚಳವಳಿಯ ಮಿತ್ರರಿಗೆ ಒಂದು ಪ್ರಲೋಭನೆ ಎದುರಾಗುವುದು ಸಹಜ. ನೀಲಗಿರಿ ನೆಡುತೋಪುಗಳ ವಿರುದ್ಧ ಕನ್ನಡನಾಡು ನಡೆಸಿದ ಹೋರಾಟಕ್ಕೆ ನಾಲ್ಕು ದಶಕಗಳ ಇತಿಹಾಸವಿದೆ. 1980ರ ದಶಕದಲ್ಲಿ ಬಯಲುಸೀಮೆಯ ರೈತರು ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೆಟ್ಟ ಸಸಿಗಳನ್ನು ಕಿತ್ತೆಸೆದರು. 1987ರಲ್ಲಿ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಈಗ ‘ನೀಲಗಿರಿ ಶ್ವಾಸಕೋಶಕ್ಕೂ ವಿಷ’ ಎಂದು ಭಿತ್ತಿಪತ್ರ ಅಚ್ಚುಹಾಕಿಸುವುದು ಸುಲಭ. ಆದರೆ ಅದು ಸುಳ್ಳಾಗುತ್ತದೆ. ಇದೇ ಶಿಲೀಂಧ್ರ ದೆಹಲಿಯ ನೇರಳೆಯಲ್ಲಿದೆ, ಕೆನಡಾದ ಡಗ್ಲಸ್ ಫರ್‌ನಲ್ಲಿದೆ. ಅದಕ್ಕೆ ಬೇಕಾದದ್ದು ಕೊಳೆಯುತ್ತಿರುವ ಮರದ ತಿರುಳು, ಮರದ ಜಾತಿ ಅಲ್ಲ. ನೀಲಗಿರಿಯ ವಿರುದ್ಧದ ಆಕ್ಷೇಪಣೆಗಳು ಅಂತರ್ಜಲದ ಮೇಲೆ, ಮಣ್ಣಿನ ಮೇಲೆ, ಗೋಮಾಳದ ಮೇಲಿನ ಹಕ್ಕಿನ ಮೇಲೆ ಆಗಲೇ ಗಟ್ಟಿಯಾಗಿ ನಿಂತಿವೆ. ಅವಕ್ಕೆ ರೋಗದ ಭಯದ ಊರುಗೋಲು ಬೇಕಿಲ್ಲ. ಒಮ್ಮೆ ಭಯವನ್ನು ಬಿತ್ತಿದರೆ ಅದು ಬೇಕಾದ ಕಡೆಗೇ ಬೆಳೆಯುವುದೂ ಇಲ್ಲ. ನಾಳೆ ಯಾರೋ ಗುತ್ತಿಗೆದಾರರು ದೇವರ ಕಾಡಿನ ಪೊಟರೆಬಿದ್ದ ಹಳೆಯ ನೇರಳೆಯನ್ನೋ, ಧೂಪದ ಮರವನ್ನೋ ತೋರಿಸಿ, ‘ಇದು ರೋಗದ ಗೂಡು, ಕಡಿಯಬೇಕು’ ಎಂದರೆ ಉತ್ತರ ಕೊಡುವುದು ಕಷ್ಟವಾದೀತು. ಆ ಪೊಟರೆ ಮಂಗಟ್ಟೆಹಕ್ಕಿಯ ಬಾಣಂತಿ ಮನೆ, ಜೇನಿನ ಮನೆ, ಹಾರುಬೆಕ್ಕಿನ ಮನೆ. ಅಲ್ಲಿ ಬೂಷ್ಟಿರುವುದು ಕಾಡಿನ ಸಹಜ ವ್ಯಾಪಾರ. ಸತ್ತ ತಿರುಳನ್ನು ಮತ್ತೆ ಮಣ್ಣು ಮಾಡುವವರು ಶಿಲೀಂಧ್ರಗಳೇ.

ಪೊಟರೆ ತನ್ನ ಪಾಡಿಗೆ ತಾನಿದ್ದರೆ ಶಿಲೀಂಧ್ರವೂ ಬಹುಮಟ್ಟಿಗೆ ತನ್ನ ಪಾಡಿಗೆ ತಾನಿರುತ್ತದೆ. ಕಲಕಿದಾಗಲೇ ತೊಡಕು. ಈ ಮಾತನ್ನು ಬೇರೆ ಬೇರೆ ಶಿಲೀಂಧ್ರಗಳ ಅನುಭವವೂ ಹೇಳುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಒಣ ಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಇನ್ನೊಂದು ಶಿಲೀಂಧ್ರವಿದೆ. ಅದರಿಂದ ಬರುವ ಶ್ವಾಸಕೋಶದ ಜ್ವರಕ್ಕೆ ಅಲ್ಲಿ ಕಣಿವೆಜ್ವರವೆಂದೇ ಹೆಸರು. 1994ರ ಜನವರಿಯಲ್ಲಿ ನಾರ್ತ್‌ರಿಜ್ ಭೂಕಂಪದಿಂದ ಬೆಟ್ಟಗಳು ಕುಸಿದು ಧೂಳೆದ್ದಾಗ ವೆಂಚುರಾ ಜಿಲ್ಲೆಯೊಂದರಲ್ಲೇ 203 ಜನರಿಗೆ ಕಾಯಿಲೆ ಬಂದು ಮೂವರು ಸತ್ತರು. ಭೂಕಂಪ ದೈವಾಧೀನವೆನ್ನೋಣ. 2011ರಿಂದ 2014ರ ನಡುವೆ ಅದೇ ರಾಜ್ಯದ ಸ್ಯಾನ್ ಲೂಯಿ ಒಬಿಸ್ಪೊ ಜಿಲ್ಲೆಯಲ್ಲಿ ಸೌರವಿದ್ಯುತ್ ಸ್ಥಾವರಗಳಿಗಾಗಿ ನೆಲ ಅಗೆದ ಕಾರ್ಮಿಕರಲ್ಲಿ 44 ಮಂದಿಗೆ ಅದೇ ರೋಗ ತಗುಲಿದ್ದು ದೈವಾಧೀನವಲ್ಲ. ಹಸಿರು ವಿದ್ಯುತ್ತಿನ ಕಾಮಗಾರಿಯೂ ಕಾರ್ಮಿಕನ ಮೂಗಿನ ಮಟ್ಟಿಗೆ ಧೂಳೇ. 2023ರಲ್ಲಿ ಮಿಷಿಗನ್ ರಾಜ್ಯದ ಎಸ್ಕನಾಬಾದ ಒಂದು ಕಾಗದ ಕಾರ್ಖಾನೆಯಲ್ಲಿ, ಒದ್ದೆ ಮಣ್ಣು ಮತ್ತು ಕೊಳೆತ ಮರದಲ್ಲಿರುವ ಬ್ಲಾಸ್ಟೊಮೈಸಿಸ್ ಎಂಬ ಶಿಲೀಂಧ್ರದಿಂದ ನೂರಕ್ಕೂ ಹೆಚ್ಚು ಕಾರ್ಮಿಕರು ಕಾಯಿಲೆ ಬಿದ್ದು, ಕೆಲವು ವಾರ ಕಾರ್ಖಾನೆಯನ್ನೇ ಮುಚ್ಚಬೇಕಾಯಿತು. ಎಲ್ಲ ಕಡೆಯೂ ಮೊದಲು ಮಲಗಿದವನು ಧೂಳಿನಲ್ಲಿ ನಿಂತು ದುಡಿಯುವವನೇ.

ಮಲೆನಾಡಿನ ಆಸ್ಪತ್ರೆಗಳ ಮಟ್ಟಿಗೆ ಪ್ರಶ್ನೆ ಹೀಗಿದೆ. ತಿಂಗಳುಗಟ್ಟಲೆ ಕೆಮ್ಮುವ, ಸಂಜೆ ಜ್ವರ ಬರುವ, ತೂಕ ಇಳಿದ ಕೂಲಿಯವನ ಎಕ್ಸ್‌ರೇಯಲ್ಲಿ ನೆರಳು ಕಂಡರೆ ಅದು ಕ್ಷಯವೆಂದು ತಿಳಿಯುವುದು ತಪ್ಪಲ್ಲ; ಈ ದೇಶದಲ್ಲಿ ಬಹುಪಾಲು ಅದು ಕ್ಷಯವೇ ಆಗಿರುತ್ತದೆ. ಕಫದ ಪರೀಕ್ಷೆಯಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ, ಎಕ್ಸ್‌ರೇಯನ್ನು ನಂಬಿ ಆರು ತಿಂಗಳ ಮಾತ್ರೆ ಆರಂಭಿಸುವುದೂ ಉಂಟು. ತೊಂದರೆ ಬರುವುದು ಇಲ್ಲಿ. ಕ್ಷಯದ ಮಾತ್ರೆ ಶಿಲೀಂಧ್ರವನ್ನು ಏನೂ ಮಾಡದು. ಎರಡು ತಿಂಗಳಾದರೂ ಗುಣ ಕಾಣದ ರೋಗಿಗೆ ‘ಮಾತ್ರೆ ಸರಿಯಾಗಿ ನುಂಗಲಿಲ್ಲ’ ಎಂಬ ಬೈಗುಳ ಬೇರೆ. ಅಷ್ಟರಲ್ಲಿ ಶಿಲೀಂಧ್ರ ಮೆದುಳಿಗೆ ಏರಿರಬಹುದು. ಬೇಗ ಗುರುತಿಸಿದರೆ ಶ್ವಾಸಕೋಶದ ಸೌಮ್ಯ ಕಾಯಿಲೆಗೆ ಫ್ಲೂಕೊನಝೋಲ್ ಮಾತ್ರೆಯೇ ಸಾಕು, ಆರು ತಿಂಗಳಿಂದ ಒಂದು ವರ್ಷ ನುಂಗಬೇಕು. ಮೆದುಳಿಗೆ ಹಬ್ಬಿದ ಮೇಲಾದರೆ ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು, ಮೂತ್ರಪಿಂಡದ ಮೇಲೆ ಕಣ್ಣಿಟ್ಟುಕೊಂಡು, ಆಂಫೊಟೆರಿಸಿನ್ ಎಂಬ ಕಟುವಾದ ಔಷಧಿಯನ್ನು ರಕ್ತನಾಳಕ್ಕೆ ಹರಿಸಬೇಕಾಗುತ್ತದೆ. ಖರ್ಚಿನ ಅಂತರವನ್ನು ಯಾರು ಬೇಕಾದರೂ ಊಹಿಸಿಕೊಳ್ಳಬಹುದು.

ಗುರುತಿಸುವುದು ಈಗ ಮೊದಲಿನಷ್ಟು ಕಷ್ಟವಿಲ್ಲ. ಕ್ರಿಪ್ಟೊಕಾಕಸ್‌ನ ಲೋಳೆಯ ಕವಚದ ಅಂಶವನ್ನು ರಕ್ತದಲ್ಲಿ ಪತ್ತೆಹಚ್ಚುವ ಪಟ್ಟಿ ಪರೀಕ್ಷೆ ಬಂದು ದಶಕವೇ ಕಳೆದಿದೆ. ಗರ್ಭ ಪರೀಕ್ಷೆಯ ಪಟ್ಟಿಯಂತೆಯೇ ಎರಡು ಗೆರೆ ಮೂಡುವುದೋ ಇಲ್ಲವೋ ಎಂಬುದನ್ನು ಕೆಲವೇ ನಿಮಿಷಗಳಲ್ಲಿ ನೋಡಬಹುದು. ದೊಡ್ಡ ಯಂತ್ರ ಬೇಡ, ಹವಾನಿಯಂತ್ರಿತ ಕೋಣೆ ಬೇಡ. ರೋಗ ಶ್ವಾಸಕೋಶದ ಒಂದು ಗಂಟಿನಲ್ಲಿಯೇ ಅಡಗಿದ್ದರೆ ರಕ್ತದ ಪಟ್ಟಿ ಸುಮ್ಮನಿರಬಹುದೆಂಬ ಮಿತಿ ಅದಕ್ಕಿದೆ. ಆಗ ಕಫವನ್ನೋ, ಗಂಟಿನ ಚೂರನ್ನೋ ಹುಚ್ಚೆಳ್ಳಿನ ಮಾಧ್ಯಮದಲ್ಲಿ ಬೆಳೆಸಿ ನೋಡಬೇಕಾಗುತ್ತದೆ. ಅದಕ್ಕೆ ಜಿಲ್ಲೆಗೊಂದಾದರೂ ಶಿಲೀಂಧ್ರ ಬಲ್ಲ ಪ್ರಯೋಗಶಾಲೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಆದ್ಯತೆಯ ಶಿಲೀಂಧ್ರಗಳ ಪಟ್ಟಿಯೊಂದನ್ನು ಹೊರಡಿಸಿತು. ನಿಯೋಫಾರ್ಮನ್ಸ್ ಅದರಲ್ಲಿ ಅತಿ ಗಂಭೀರ ವರ್ಗದಲ್ಲಿದೆ, ಗ್ಯಾಟಿಯೈ ಮಧ್ಯಮ ವರ್ಗದಲ್ಲಿ. ಮಂಗನ ಕಾಯಿಲೆಗೆಂದು ಕಟ್ಟಿಕೊಂಡ ವ್ಯವಸ್ಥೆ ಮಲೆನಾಡಿನಲ್ಲಿ ಆಗಲೇ ಇರುವಾಗ, ಕ್ಷಯದ ಪರೀಕ್ಷೆಯಲ್ಲಿ ರೋಗಾಣು ಸಿಗದೆಯೂ ಗುಣವಾಗದೆಯೂ ಉಳಿದ ರೋಗಿಗಳ ಕಫವನ್ನು ಶಿಲೀಂಧ್ರಕ್ಕಾಗಿ ಒಮ್ಮೆ ನೋಡತಕ್ಕದ್ದೆಂದು ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸುವುದಕ್ಕೆ ಯಾವ ಅಡ್ಡಿ? ಪಶುವೈದ್ಯರು ಸತ್ತ ದನ, ನಾಯಿಗಳ ಶ್ವಾಸಕೋಶದಲ್ಲಿ ಕಂಡದ್ದನ್ನು ತಾಲ್ಲೂಕು ಆರೋಗ್ಯಾಧಿಕಾರಿಗೆ ತಿಳಿಸುವ ಪದ್ಧತಿ ಬಂದರೆ ಇನ್ನೂ ಒಳ್ಳೆಯದು.

ಕಡಿತಲೆಯ ಕೂಲಿಗಳ ವಿಷಯಕ್ಕೆ ಸುತ್ತೋಲೆಯನ್ನು ಕಾಯಬೇಕಾಗಿಲ್ಲ. ನೆಡುತೋಪಿನ ಅಕೇಶಿಯಾ, ನೀಲಗಿರಿಗಳನ್ನು ಕಡಿದು, ತೊಗಟೆ ಸುಲಿದು, ಲಾರಿಗೆ ಹೇರುವ ಆಳುಗಳಿಗೆ ಗುತ್ತಿಗೆದಾರ ಕೊಡುವುದು ಕೂಲಿ ಮತ್ತು ಚಹಾ ಮಾತ್ರ. ಮೂಗಿಗೆ ಕಟ್ಟುವ ಒಳ್ಳೆಯ ಮಾಸ್ಕ್ ಕೋವಿಡ್ ಬಂದ ಮೇಲೆ ಹಳ್ಳಿಯ ಅಂಗಡಿಯಲ್ಲಿಯೂ ಸಿಗುತ್ತದೆ. ಕೊಳೆತ ದಿಮ್ಮಿಯನ್ನು ಗರಗಸಕ್ಕೆ ಕೊಡುವ ಮೊದಲು ನೀರು ಚಿಮುಕಿಸಿದರೆ ಧೂಳು ಅರ್ಧ ಅಡಗುತ್ತದೆ. ಪೊಟರೆಯ ತಿರುಳನ್ನು ಕೈಯಿಂದ ಕೆದಕಿ ಜೇನು ತೆಗೆಯುವವರು ಒಂದು ಪಾಣಿಪಂಚೆಯನ್ನಾದರೂ ಮೂಗಿಗೆ ಸುತ್ತಿಕೊಂಡರೆ ಏನೂ ಇಲ್ಲದಿರುವುದಕ್ಕಿಂತ ಮೇಲು. ಮೂರು ವಾರ ದಾಟಿದ ಕೆಮ್ಮಿಗೆ ಆಸ್ಪತ್ರೆಗೆ ಹೋದಾಗ, ಕಳೆದ ಒಂದು ವರ್ಷದಲ್ಲಿ ಎಲ್ಲಿ ಯಾವ ಕೆಲಸ ಮಾಡಿದ್ದೆಂಬುದನ್ನು ವೈದ್ಯರು ಕೇಳದಿದ್ದರೂ ತಾವಾಗಿಯೇ ಹೇಳಬೇಕು: ಯಾವ ತೋಪಿನಲ್ಲಿ ಮರ ಕಡಿದದ್ದು, ಎಷ್ಟು ದಿನ, ಕೊಳೆತ ಮರವೋ ಹಸಿ ಮರವೋ, ಜೊತೆಯಲ್ಲಿದ್ದವರಲ್ಲಿ ಇನ್ನಾರಿಗಾದರೂ ಕೆಮ್ಮು ಬಂದಿದೆಯೋ. ಓದಿದ ಹುಡುಗ ಹುಡುಗಿಯರು ಜೊತೆಗೆ ಹೋಗಿ ಅದನ್ನು ಚೀಟಿಯ ಮೇಲೆ ಬರೆದುಕೊಟ್ಟರೆ ವೈದ್ಯರಿಗೂ ಅನುಕೂಲ.